ಐದನೆಯ ‘ಯಾಕೆ’

ಆ ಕಂಪನಿಯಲ್ಲಿ ಲಾರಿ ತಗುಲಿಸಿಕೊಂಡು ಬಂದವರಿಗೆ ಯಾರೂ ಬೈಯುತ್ತಿರಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಬೈಸಿಕೊಂಡವನು ಒಂದು ಗಳಿಗೆ ತಲೆ ತಗ್ಗಿಸಿ ನಿಂತು, ಹೊರಗೆ ಬಂದು ಒಂದು ಸಿಗರೇಟು ಸೇದಿ, ಹಾಳಾಗಿ ಹೋಗಲಿ ಅಂತ ಮರೆತುಬಿಡಬಹುದು. ಇಲ್ಲಿ ಬೈಗುಳದ ಬದಲು ಒಂದು ಹಾಳೆ ಕೊಡುತ್ತಿದ್ದರು. ಮೇಲೆ ಏನಾಯಿತು ಅಂತ ಬರೆಯಲು ಎರಡು ಗೆರೆ, ಕೆಳಗೆ ಐದು ಚೌಕ. ಒಂದೊಂದು ಚೌಕದ ತಲೆಯ ಮೇಲೂ ಒಂದೇ ಮಾತು: ಯಾಕೆ? ಮೊದಲನೆಯದಕ್ಕೆ ಏನು ಉತ್ತರ ಬರೆದಿರೋ ಅದನ್ನೇ ಹಿಡಿದು ಎರಡನೆಯದರಲ್ಲಿ ಮತ್ತೆ ಯಾಕೆ ಅಂತ ಕೇಳಿಕೊಳ್ಳಬೇಕು. ಹೀಗೆ ಅಗೆಯುತ್ತ ಹೋಗಿ ಐದನೆಯದಕ್ಕೆ ಮುಟ್ಟುವಾಗ ತಪ್ಪು ನಿಮ್ಮ ಹೊಟ್ಟೆಯೊಳಗೇ ಎಲ್ಲೋ ಸಿಕ್ಕಿರಬೇಕು. ರಸ್ತೆ ಕಿರಿದಾಗಿತ್ತು, ಕನ್ನಡಿ ಸಡಿಲವಾಗಿತ್ತು, ಹೊತ್ತು ಮೀರಿತ್ತು, ಇವೆಲ್ಲ ಉತ್ತರಗಳೇ ಅಲ್ಲ. ಮರುದಿನ ಬೆಳಿಗ್ಗೆ ಹಾಜರಿಗೆ ಸೇರಿದ ಎಲ್ಲರ ಎದುರು ಅದನ್ನು ಗಟ್ಟಿಯಾಗಿ ಓದಬೇಕು. ಓದಿ ಮುಗಿಸಿ, ಗೋಡೆಯ ಮೇಲಿದ್ದ ‘ಅಪಘಾತವಿಲ್ಲದ ದಿನಗಳು’ ಹಲಗೆಯ ಅಂಕಿಯನ್ನು ತನ್ನ ಕೈಯಿಂದಲೇ ಸೊನ್ನೆಗೆ ತಿರುಗಿಸಬೇಕು.

ನೆಮೊತೊ ಸುಮಿಯೆ ಆ ಕಂಪನಿಗೆ ಸೇರಿದ್ದು ನಲವತ್ನಾಲ್ಕನೇ ವಯಸ್ಸಿನಲ್ಲಿ, ಸೆಪ್ಟೆಂಬರ್ ಒಂದಕ್ಕೆ. ಅದಕ್ಕೂ ಮೊದಲು ಹತ್ತೊಂಬತ್ತು ವರ್ಷ ಶಿಮೊದಾತೆ ಊರಿನ ಶಾಲೆಗಳಿಗೆ ಊಟ ಬೇಯಿಸಿ ಕಳಿಸುವ ಅಡುಗೆ ಕೇಂದ್ರದಲ್ಲಿದ್ದಳು. ಮಕ್ಕಳು ಕಡಿಮೆಯಾದರು, ಎರಡು ಶಾಲೆ ಸೇರಿ ಒಂದಾಯಿತು, ಕೇಂದ್ರಕ್ಕೆ ಬೀಗ ಬಿತ್ತು. ಗಂಡನಿಂದ ಬಿಡುಗಡೆಯಾಗಿ ಆಗಲೇ ಆರು ವರ್ಷ. ಮನೆಯಲ್ಲಿ ಅವಳೊಬ್ಬಳೇ. ಆ ವಯಸ್ಸಿನ ಹೆಂಗಸಿಗೆ ಕೆಲಸ ಕೊಡುವವರೆಂದರೆ ಮುದುಕರ ಆರೈಕೆ ಮನೆಯವರು, ಇಲ್ಲ ಲಾರಿಯವರು. ಸುಮಿಯೆ ಲಾರಿ ಆರಿಸಿಕೊಂಡಳು.

ಹೊಟ್ಟೆಪಾಡಿಗೆ ಅಂತಲೇ ಬಂದಳು, ಸುಳ್ಳೇಕೆ. ಆದರೆ ಮೊದಲ ದಿನ ನಾಲ್ಕು ಟನ್ನಿನ ಲಾರಿಯ ಮೆಟ್ಟಿಲು ಹತ್ತಿ ಕೂತಾಗ ಅವಳಿಗೆ ಏನೋ ಆಯಿತು. ಹತ್ತೊಂಬತ್ತು ವರ್ಷ ಹಂಡೆಯೊಳಗೆ ಬಗ್ಗಿ ನೋಡಿದ ಕಣ್ಣಿಗೆ ಅಲ್ಲಿಂದ ಮನೆಗಳ ಬೇಲಿಯಾಚೆಗಿನ ತೋಟ, ಒಣಹಾಕಿದ ಹಾಸಿಗೆ, ಕಮಲದ ಗದ್ದೆ, ತ್ಸುಕುಬಾ ಬೆಟ್ಟದ ಎರಡೂ ತಲೆ ಒಟ್ಟಿಗೆ ಕಂಡವು. ಈ ಜಾಗ ನನ್ನದಾಗಬೇಕು ಅಂತ ಅವಳಿಗೆ ಅನ್ನಿಸಿತು. ಹುಟ್ಟಿದಾಗಿನಿಂದ ಅವಳು ಯಾವುದನ್ನೂ ಹಾಗೆ ಬಯಸಿರಲಿಲ್ಲ, ಗಂಡನನ್ನೂ ಸೇರಿಸಿ.

ಆರು ತಿಂಗಳು ಪರೀಕ್ಷಾ ಅವಧಿ. ಫೆಬ್ರುವರಿ ಕೊನೆಗೆ ಪಾಸಾದರೆ ಅವಳದೇ ಅಂತ ಒಂದು ಲಾರಿ, ಗಾಜಿನ ಹಿಂದೆ ಅವಳ ಹೆಸರಿನ ಫಲಕ. ಅಷ್ಟರೊಳಗೆ ಮೂರು ಹಾಳೆ ಬರೆದರೆ ಮನೆಗೆ. ಲೆಕ್ಕ ಅಷ್ಟು ಸರಳ.

ಅವಳ ಜೊತೆಗೇ ಸೇರಿದವನು ಓನುಕಿ. ಮೂವತ್ತೆರಡು ವರ್ಷ, ಜೂಜಿನಂಗಡಿಯಲ್ಲಿ ಗಿರಾಕಿಗಳು ಗೆದ್ದ ಉಕ್ಕಿನ ಗುಂಡು ಎಣಿಸುತ್ತಿದ್ದವನು. ಬಾಯಿ ಬೊಂಬಾಯಿ. ಮೊದಲ ವಾರವೇ ಅವನ ಲಾರಿಯ ಮೂಲೆ ಯಾವುದೋ ಬೇಲಿಗೆ ಉಜ್ಜಿತು. ಅವನು ಹಾಳೆ ಬರೆಯಲಿಲ್ಲ. ಸಾಮಾನಿನಂಗಡಿಯಿಂದ ಬಿಳಿ ಬಣ್ಣದ ಪೆನ್ನು ತಂದು ನಿಲುಗಡೆಯಲ್ಲೇ ತೇಪೆ ಹಚ್ಚಿದ.

“ಅಕ್ಕಾ, ಬೀಸೋ ದೊಣ್ಣೆ ತಪ್ಪಿಸ್ಕೊಂಡ್ರೆ ಸಾವಿರ ವರ್ಷ ಆಯಸ್ಸು” ಅಂದ, ಪೆನ್ನಿನ ತುದಿಗೆ ಉಫ್ ಅಂತ ಊದುತ್ತ. “ನೀವು ನೋಡ್ಲಿಲ್ಲ, ನಾನು ಮಾಡ್ಲಿಲ್ಲ.”

“ನನಗ್ಯಾಕಪ್ಪ ನಿನ್ನ ಉಸಾಬರಿ” ಅಂದಳು ಸುಮಿಯೆ. ಮನಸ್ಸಿನಲ್ಲಿ ಮಾತ್ರ, ಥೂ, ಎಂಥಾ ಮನುಷ್ಯ, ನಾನಾದರೆ ಒಪ್ಪಿಕೊಳ್ಳುತ್ತೇನೆ ಅಂದುಕೊಂಡಳು. ಒಪ್ಪಿಕೊಳ್ಳುವುದು ದೊಡ್ಡ ಗುಣ ಅಂತ ನಂಬಿದ್ದ ಕಾಲ ಅದು.

ಅವಳಿಗೆ ಕಲಿಸಲು ಪಕ್ಕದಲ್ಲಿ ಕೂರುತ್ತಿದ್ದವರು ಟೊಕುಮಾರು. ಎಲ್ಲರ ಬಾಯಲ್ಲೂ ಟೊಕು-ಸಾನ್. ಅರವತ್ನಾಲ್ಕು ವರ್ಷ. ಮೂವತ್ತು ವರ್ಷ ಲಾರಿ ಓಡಿಸಿ ಒಂದೇ ಒಂದು ಗೀರೂ ಮಾಡದವರು. ಬರುವ ಮಾರ್ಚಿಯಲ್ಲಿ ನಿವೃತ್ತಿ. ಆ ದಿನ ಲಾರಿ ಸಂಘದವರು ಬಂದು ಫಲಕ ಕೊಡುವುದು ಅಂತ ನಿಶ್ಚಯವಾಗಿತ್ತು. ಸುಮಿಯೆ ಸೇರಿದ ವರ್ಷದಿಂದ ತಾವು ಓಡಿಸುವುದನ್ನು ಬಿಟ್ಟು ಹೊಸಬರಿಗೆ ಕಲಿಸುವ ಕೆಲಸ ಕೇಳಿ ಪಡೆದಿದ್ದರು. ದೊಡ್ಡ ಮನಸ್ಸು ಅಂತ ಎಲ್ಲರೂ ಹೊಗಳಿದ್ದರು.

ಒಳ್ಳೆಯ ಮೇಷ್ಟ್ರು. ಬೇರೆ ಚಾಲಕರು ಸುಮಿಯೆಯನ್ನು “ಅಡುಗೆಯಮ್ಮ” ಅಂತ ಕಿಚಾಯಿಸುವಾಗ ಅವರೊಬ್ಬರೇ ಮನೆತನದ ಹೆಸರು ಹಿಡಿದು ಮರ್ಯಾದೆಯಿಂದ ನೆಮೊತೊ-ಸಾನ್ ಅನ್ನುತ್ತಿದ್ದರು. “ಹಂಡೆಯಿಂದ ಸಾರು ಚೆಲ್ಲದ ಹಾಗೆ ಹೊರೋಕೆ ಬರುತ್ತಲ್ಲ? ತಿರುವಿನಲ್ಲಿ ಹಾಗೇ ಹೋಗಿ. ಹಿಂದೆ ಇರೋದೆಲ್ಲ ಸಾರು ಅಂದ್ಕೊಳ್ಳಿ.” ಒಂದೇ ಮಾತಿಗೆ ಅವಳಿಗೆ ತಿರುವು ಕೂತುಬಿಟ್ಟಿತು.

ಮೊದಲ ಏಟು ಅಕ್ಟೋಬರಿನಲ್ಲಿ. ಸೋಯಾ ಸಾಸಿನ ಕಾರ್ಖಾನೆಯ ಹಿಂಬದಿ, ಸರಕು ಇಳಿಸುವ ಕಟ್ಟೆಗೆ ಹಿಮ್ಮುಖವಾಗಿ ಹೋಗಬೇಕಿತ್ತು. ಹೊಸಬರಿಗೆ ಕೊಡುವ ಲಾರಿ ಹಳೇದು. ಕ್ಯಾಮೆರಾ ಮುಂದಕ್ಕೆ ಮಾತ್ರ, ಅದಕ್ಕೂ ಕಿವಿಯಿಲ್ಲ. ಟೊಕು-ಸಾನ್ ಇಳಿದು ಹಿಂದೆ ನಿಂತು ಕೈ ಬೀಸಿದರು. “ಬರ್ಲಿ, ಬರ್ಲಿ, ಬರ್ಲಿ.” ಅವಳು ಬಿಟ್ಟಳು. ಲಟಕ್ ಅಂತ ಸದ್ದು. ಸೂರಿನ ಅಂಚಿನ ಮಳೆನೀರಿನ ತಗಡು ದೋಣಿ ಮುರಿದು ಲಾರಿಯ ನೆತ್ತಿಯ ಮೇಲೆ ಕೂತಿತ್ತು.

ಶಾಖೆಯ ಮುಖ್ಯಸ್ಥ ಇಗಾರಿ, ತೆಳ್ಳಗಿನ ಮನುಷ್ಯ, ಯಾವತ್ತೂ ದನಿ ಎತ್ತಿದವನಲ್ಲ. ಹಾಳೆ ಕೊಟ್ಟ. ಸುಮಿಯೆ ಇದ್ದದ್ದನ್ನು ಇದ್ದ ಹಾಗೆ ಬರೆದಳು. ಸೂರಿಗೆ ತಗುಲಿದ್ದು ಯಾಕೆ? ಹೆಚ್ಚು ಹಿಂದೆ ಹೋದೆ. ಹೆಚ್ಚು ಹೋದದ್ದು ಯಾಕೆ? ಬರಲಿ ಅಂದರು.

ಇಗಾರಿ ಕೆಂಪು ಪೆನ್ಸಿಲಿನಿಂದ ಎರಡನೆಯದನ್ನು ಹೊಡೆದುಹಾಕಿದ. “ನೆಮೊತೊ-ಸಾನ್, ಇದು ಬೇರೆಯವರ ಕಡೆ ಬೆರಳು ತೋರಿಸಿದ ಹಾಗಾಯ್ತು. ಸ್ಟೀರಿಂಗ್ ಯಾರ ಕೈಲಿತ್ತು?”

“ನನ್ನ ಕೈಲಿ.”

“ಮತ್ತೆ? ಒಳಗೆ ಹುಡುಕಿ. ಸಿಕ್ಕುತ್ತೆ.”

ಹೊರಗೆ ಟೊಕು-ಸಾನ್ ನಾಣ್ಯ ಹಾಕುವ ಯಂತ್ರದಿಂದ ಬಿಸಿ ಜೋಳದ ಸೂಪಿನ ಡಬ್ಬಿ ತೆಗೆದು ಅವಳ ಕೈಗಿಟ್ಟರು. “ನಾನೂ ಸರಿಯಾಗಿ ನೋಡ್ಬೇಕಿತ್ತು” ಅಂದರು ಮೆಲ್ಲಗೆ.

“ಅಯ್ಯೋ, ಬಿಡಿ ಟೊಕು-ಸಾನ್. ನನಗಿನ್ನೂ ಅಂದಾಜು ಬಂದಿಲ್ಲ.”

ಹೀಗೆನ್ನುವುದು ಮರ್ಯಾದೆ. ಅವರು ಅರ್ಧ ತಪ್ಪು ತಮ್ಮದೆಂದರೆ ಇವಳು ಪೂರ್ತಿ ತನ್ನದೆನ್ನಬೇಕು, ಆಮೇಲೆ ಇಬ್ಬರೂ ಬಗ್ಗಿ ನಮಸ್ಕರಿಸಬೇಕು, ಮಾತು ಅಲ್ಲಿಗೆ ಮುಗಿಯಬೇಕು. ಮಾತು ಮುಗಿಯಿತು, ಆದರೆ ಹಾಳೆ ಉಳಿಯಿತು. ಅವಳು ಹೊಸದಾಗಿ ಬರೆದಳು: ಸೂಚನೆ ಪೂರ್ತಿ ಕೇಳುವ ಮೊದಲೇ ಗಾಡಿ ಬಿಟ್ಟೆ. ಯಾಕೆ? ಬೇಗ ಮುಗಿಸುವ ಆತುರ. ಯಾಕೆ? ಸೂಚನೆ ಕೊಡುವವರಿಗಿಂತ ನನಗೇ ಹೆಚ್ಚು ಗೊತ್ತು ಎಂಬ ಅಹಂಕಾರ. ಒಂದಕ್ಷರವೂ ನಿಜವಲ್ಲ. ಆದರೆ ಓದಲು ಎಷ್ಟು ಚೆನ್ನಾಗಿತ್ತೆಂದರೆ ಹಾಜರಿಯಲ್ಲಿ ಒಬ್ಬ ಹಿರಿಯ ಚಾಲಕ ಮೂಗು ಒರೆಸಿಕೊಂಡ. ಇಗಾರಿ ಅದರ ನಕಲು ಮಾಡಿಸಿ, ಹೊಸಬರು ಹೀಗೆ ಬರೆಯಬೇಕು ಅಂತ ಗೋಡೆಗೆ ಅಂಟಿಸಿದ. ಸುಮಿಯೆ ನಾನೂರ ಹನ್ನೆರಡನ್ನು ಸೊನ್ನೆಗೆ ತಿರುಗಿಸಿದಳು. ಪರವಾಗಿಲ್ಲ, ಪರವಾಗಿಲ್ಲ ಅಂದರು ಎಲ್ಲರೂ. ಮಧ್ಯಾಹ್ನ ಅವಳ ಮೇಜಿಗೆ ಯಾರೂ ತಮ್ಮ ಊಟದ ಡಬ್ಬಿ ತಂದು ಕೂರಲಿಲ್ಲ.

ಓನುಕಿ ಮಾತ್ರ ದೂರದಿಂದಲೇ ಗೋಡೆ ತೋರಿಸಿ ನಕ್ಕ. “ಅಕ್ಕಾ, ನಿಮ್ಮನ್ನೇ ನೀವು ಇಷ್ಟು ಚೆನ್ನಾಗಿ ಬೈಕೊಂಡ್ರೆ ಇಗಾರಿ-ಸಾನ್‌ಗೆ ಏನು ಕೆಲಸ ಉಳೀತು?”

ಎರಡನೆಯದು ಡಿಸೆಂಬರಿನ ಮೊದಲ ವಾರ, ಕಮಲದ ಗೆಡ್ಡೆ ತೊಳೆಯುವ ಸಹಕಾರ ಸಂಘದ ಅಂಗಳದಲ್ಲಿ. ಒಂದು ಸಿಮೆಂಟಿನ ಕಂಬ, ಸೊಂಟದೆತ್ತರ, ಹಳದಿ ಬಣ್ಣ ಬಳಿದಿದ್ದು. ಟೊಕು-ಸಾನ್ ಅದರಿಂದ ಎರಡು ಹೆಜ್ಜೆ ಆಚೆ ನಿಂತಿದ್ದರು. ಸುಮಿಯೆ ಕನ್ನಡಿಯಲ್ಲಿ ಅವರನ್ನು ನೋಡುತ್ತಲೇ ಇದ್ದಳು. ಅಕ್ಟೋಬರಿನ ನಂತರ ಅವಳು ಅವರ ಕೈಯಿಂದ ಕಣ್ಣು ಕೀಳುತ್ತಿರಲಿಲ್ಲ. ಅವರು ಕಂಬದ ಕಡೆ ಮುಖ ತಿರುಗಿಸಿದರು. ತಿರುಗಿಸಿಯೇ “ಬರ್ಲಿ” ಅಂದರು. ಬಂಪರು ಕಂಬಕ್ಕೆ ಕಚ್ಚಿಕೊಂಡಿತು.

ಆ ಮಧ್ಯಾಹ್ನ ಇಬ್ಬರೂ ಕ್ಯಾಬಿನ್ನಿನಲ್ಲೇ ಅಕ್ಕಿಯುಂಡೆ ತಿಂದರು. ಸುಮಿಯೆ ಒಂದು ಕಿತ್ತಳೆ ಸುಲಿದು, ಅರ್ಧವನ್ನು ಮಾತಾಡದೆ ಅವರ ಕಡೆ ಚಾಚಿದಳು. ಅವರ ತೊಡೆಯ ಪಕ್ಕಕ್ಕೇ ಚಾಚಿದಳು. ಅವರು ಮುಂದೆ ನೋಡುತ್ತ ತಿನ್ನುತ್ತಲೇ ಇದ್ದರು. ಅವಳು ಕೈ ಹಿಂದೆ ತೆಗೆಯಲಿಲ್ಲ. ಎಷ್ಟೋ ಹೊತ್ತಾದ ಮೇಲೆ ಟೊಕು-ಸಾನ್‌ಗೆ ವಾಸನೆ ಬಡಿಯಿತೋ ಏನೋ, ಇಡೀ ತಲೆ ತಿರುಗಿಸಿದರು, ಕಿತ್ತಳೆ ನೋಡಿದರು, ಅವಳ ಮುಖ ನೋಡಿದರು. ಕೈಯಲ್ಲಿದ್ದ ಅಕ್ಕಿಯುಂಡೆ ಕೆಳಗಿಟ್ಟರು.

“ಎಷ್ಟು ದಿನದಿಂದ?” ಅಂದಳು.

“ಎರಡು ವರ್ಷ. ಎಡಗಣ್ಣು ಪೂರ್ತಿ ಹೋಗಿದೆ. ಬಲಗಡೇದೂ ಅಂಚಿನಿಂದ ಮುಚ್ಕೊಂಡು ಬರ್ತಿದೆ. ಕೊಳವೇಲಿ ನೋಡಿದ ಹಾಗೆ ಕಾಣುತ್ತೆ.”

“ಕಂಪನಿ ತಪಾಸಣೆ ಆಗುತ್ತಲ್ಲ?”

“ಆ ಅಕ್ಷರದ ಹಲಗೆ ಇಪ್ಪತ್ತು ವರ್ಷದಿಂದ ಅದೇ. ಬಾಯಿಪಾಠ.” ಅವರು ನಗಲು ನೋಡಿದರು. ಆಮೇಲೆ ಸೀಟಿನ ಮೇಲೇ ಮಂಡಿ ಮಡಚಿ, ಹಣೆ ಗೇರಿನ ಹಿಡಿಗೆ ತಾಗುವಷ್ಟು ಬಗ್ಗಿದರು. “ಓಡಿಸಿದ್ರೆ ಯಾರನ್ನಾದ್ರೂ ಕೊಂದೇನು ಅಂತ ಈ ಕೆಲಸ ಕೇಳ್ಕೊಂಡೆ. ಮಾರ್ಚಿ ಮೂವತ್ತೊಂದಕ್ಕೆ ಮುಗೀತು ನೆಮೊತೊ-ಸಾನ್. ಮೂವತ್ತು ವರ್ಷ. ಹೆಂಡತಿ ಸತ್ತಾಗಲೂ ಮೂರನೇ ದಿನ ಗಾಡಿ ಹತ್ತಿದ್ದೆ. ಈ ಒಂದು ಹಾಳೆ ನೀವು ಬರೆದುಬಿಡಿ. ಮೂರನೇದು ಆಗೋಕೆ ನಾನು ಬಿಡಲ್ಲ. ನಿಮ್ಮನ್ನ ಪಾಸ್ ಮಾಡ್ಸೋದು ನನ್ನ ಜವಾಬ್ದಾರಿ.”

ತಂದೆಯ ವಯಸ್ಸಿನ ಮನುಷ್ಯ ಹಾಗೆ ಬಗ್ಗಿದಾಗ ಯಾರಾದರೂ ಏನು ಮಾಡಿಯಾರು? ಸುಮಿಯೆ ಅವರ ಭುಜ ಹಿಡಿದು ಎಬ್ಬಿಸಿದಳು. ಕರುಣೆ ಇತ್ತು, ಖಂಡಿತ ಇತ್ತು. ಆದರೆ ಕರುಣೆಯೊಂದೇ ಅಲ್ಲ. ಕಂಪನಿಯಲ್ಲಿ ಅತಿ ಹೆಚ್ಚು ಗೌರವವಿದ್ದ ಮನುಷ್ಯ ಇನ್ನು ತನ್ನ ಪರ ಮಾತಾಡಲೇಬೇಕು ಅನ್ನುವುದು ಅವಳಿಗೆ ಆ ಗಳಿಗೆಯಲ್ಲೇ ಹೊಳೆದಿತ್ತು. ಎರಡನೇ ಹಾಳೆಯನ್ನೂ ಬರೆದಳು. ಸೂಚನೆ ಬರುವ ಮೊದಲೇ ಕಾಲು ಸಡಿಲಬಿಟ್ಟೆ. ಯಾಕೆ? ಅಕ್ಟೋಬರಿನ ಪಾಠ ಮನಸ್ಸಿಗೆ ಇಳಿದಿರಲಿಲ್ಲ. ಐವತ್ತೊಂದನ್ನು ಸೊನ್ನೆಗೆ ತಿರುಗಿಸಿದಳು.

ಒಂದು ಕರಾರು ಹಾಕಿದಳು. ಇನ್ನು ಮೇಲೆ ಹಿಮ್ಮುಖ ಹೋಗುವ ಕಡೆಯೆಲ್ಲ ತಾನೇ ಇಳಿದು ನೋಡುತ್ತೇನೆ, ನೀವು ಸುಮ್ಮನೆ ನಿಂತಿರಿ. “ಆಗ್ಲಿ, ಗೊಂಬೆ ಥರ ನಿಂತಿರ್ತೀನಿ” ಅಂದರು ಟೊಕು-ಸಾನ್. ಜನವರಿ ಪೂರ್ತಿ ಹಾಗೇ ನಡೆಯಿತು. ಇಳಿದಳು, ಹಿಂದೆ ಹೋಗಿ ನೆಲ ನೋಡಿದಳು, ಸೂರು ನೋಡಿದಳು, ಹತ್ತಿದಳು, ನಾಲ್ಕು ಮೊಳ ಬಿಟ್ಟಳು, ಮತ್ತೆ ಇಳಿದಳು. ಒಂದೊಂದು ದಿನ ನಲವತ್ತು ಸಲ. ಮಂಡಿ ಊದಿಕೊಂಡಿತು. ಒಂದು ಗೀರೂ ಆಗಲಿಲ್ಲ. ಹೆಂಗಸಿಗೆ ಚಾಲನೆ ಬಂತು ಅಂತ ಜನ ಮಾತಾಡಿಕೊಂಡರು, ಅಡುಗೆಯಮ್ಮ ಅನ್ನುವುದು ತಾನಾಗಿ ನಿಂತಿತು. ಹದಿನೇಳನೇ ನಂಬರಿನ ಲಾರಿ ಅವಳಿಗೇ ಅಂತೆ ಅನ್ನುವ ಸುದ್ದಿಯನ್ನು ಓನುಕಿಯೇ ತಂದ. ಅವಳು ಒಂದು ಸಂಜೆ ಆ ಲಾರಿಯ ಹತ್ತಿರ ಹೋಗಿ, ಯಾರೂ ಇಲ್ಲದ್ದು ನೋಡಿ, ಗಾಜು ಒರೆಸಿ ಬಂದಳು.

ಫೆಬ್ರುವರಿ ಹತ್ತೊಂಬತ್ತಕ್ಕೆ ಕೊನೆಯ ಪರೀಕ್ಷೆ. ಅಂಕ ಹಾಕಲು ಇಗಾರಿಯೇ ಪಕ್ಕದಲ್ಲಿ ಕೂತ, ಕೈಯಲ್ಲಿ ರಟ್ಟು, ರಟ್ಟಿನ ಮೇಲೆ ಪಟ್ಟಿ. ಟೊಕು-ಸಾನ್ ಕಚೇರಿಯವರೊಬ್ಬರ ಕಾರಿನಲ್ಲಿ ಕೂತು ಹಿಂದೆ ಬಂದರು. ಉಪ್ಪಿನಕಾಯಿ ಕಾರ್ಖಾನೆಯ ತನಕ ಒಂದೂ ತಪ್ಪಿಲ್ಲ. ಅಂಗಳಕ್ಕೆ ಬಂದು ಲಾರಿ ತಿರುಗಿಸಿ ನಿಲ್ಲಿಸಿದಾಗ ಟೊಕು-ಸಾನ್ ಆಗಲೇ ಇಳಿದು ಹಿಂದೆ ನಿಂತಿದ್ದರು. ಮುಖ್ಯಸ್ಥ ನೋಡುತ್ತಿದ್ದಾನೆ, ಗೊಂಬೆಯಂತೆ ನಿಂತರೆ ಆಗುತ್ತದೆಯೇ? ಕೈ ಎತ್ತಿದ್ದರು.

ಸುಮಿಯೆ ಬಾಗಿಲ ಹಿಡಿಗೆ ಕೈ ಹಾಕಿದಳು.

“ಎಲ್ಲಿಗೆ?” ಅಂದ ಇಗಾರಿ.

“ಹಿಂದೆ ಒಂದ್ಸಲ ನೋಡಿ ಬರ್ತೀನಿ.”

“ಟೊಕು-ಸಾನ್ ಇದ್ದಾರಲ್ಲ.” ರಟ್ಟಿನಿಂದ ತಲೆ ಎತ್ತಿದ. “ಸೂಚನೆ ಕೊಡೋರಿದ್ದಾಗ ಚಾಲಕ ಇಳಿಯೋದು ನಿಯಮದಲ್ಲಿಲ್ಲ. ಅವರ ಮೇಲೆ ನಂಬಿಕೆ ಇಲ್ವಾ? ನಿಮ್ಮ ಎರಡೂ ಹಾಳೇಲಿ ಇದೇ ಅಲ್ವಾ ಬರ್ದಿರೋದು, ಸೂಚನೆ ಕೊಡೋರನ್ನ ನಂಬಲ್ಲ ಅಂತ? ಇದಕ್ಕೆ ಇಲ್ಲೊಂದು ಸಾಲೇ ಇದೆ ನೋಡಿ.” ಪೆನ್ಸಿಲು ಆ ಸಾಲಿನ ಮೇಲೆ ನಿಂತಿತು.

ಬಾಯಿ ಬಿಟ್ಟು ಒಂದು ಮಾತು ಹೇಳಿದ್ದರೆ ಮುಗಿದಿತ್ತು. ಅವಳಿಗೆ ಆ ಮಾತು ನಾಲಿಗೆಯ ತನಕ ಬಂದಿತ್ತು. ಆದರೆ ಹದಿನೇಳನೇ ನಂಬರು ಇನ್ನು ಒಂಬತ್ತು ದಿನದ ದೂರದಲ್ಲಿತ್ತು. ಕೈ ಹಿಡಿಯಿಂದ ಕೆಳಗೆ ಬಂತು. ಅಂಗಳ ಖಾಲಿ ಇದೆ, ಇರುವೆ ಹೋದ ಹಾಗೆ ಹೋಗುತ್ತೇನೆ, ಏನೂ ಆಗುವುದಿಲ್ಲ ಅಂದುಕೊಂಡಳು. ಗೇರು ಹಾಕಿದಳು.

“ಬರ್ಲಿ, ಬರ್ಲಿ, ಬರ್ಲಿ.”

ಧಡ್ ಅಂತ ಮೆತ್ತಗಿನ ಸದ್ದು. ತಗಡಲ್ಲ, ಸಿಮೆಂಟಲ್ಲ. ಅವಳು ಬ್ರೇಕು ಒತ್ತಿ ಇಳಿದು ಓಡಿದಳು. ಡ್ರಮ್ಮು ತೊಳೆಯುವ ಮುದುಕಿ, ಹಿರುಮಾ ಯೊನೆ, ಎಪ್ಪತ್ತೊಂದು ವರ್ಷ, ನೆಲದ ಮೇಲೆ ಕೂತು ತನ್ನ ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡಿದ್ದಳು. ಬಿದ್ದ ಮುಚ್ಚಳ ಎತ್ತಿಕೊಳ್ಳಲು ಬಗ್ಗಿದ್ದಳಂತೆ. ಮಣಿಕಟ್ಟು ಬಿರುಕು ಬಿಟ್ಟಿತ್ತು, ಇನ್ನೇನೂ ಆಗಿರಲಿಲ್ಲ. ಸಣ್ಣ ಅಪಘಾತ ಅಂತಲೇ ಕಾಗದದಲ್ಲಿ ಬರೆದರು. ಇನ್ನೊಂದು ಅಡಿ ಹೋಗಿದ್ದರೆ ಏನೆಂದು ಬರೆಯುತ್ತಿದ್ದರೋ.

ಕಚೇರಿಗೆ ಬಂದ ಮೇಲೆ ಸುಮಿಯೆ ಹಾಳೆ ಮುಟ್ಟಲಿಲ್ಲ. ಟೊಕು-ಸಾನ್ ಎದುರಿಗೇ ಎಲ್ಲ ಹೇಳಿದಳು. “ಅವರಿಗೆ ಕಣ್ಣು ಕಾಣಲ್ಲ. ಅಕ್ಟೋಬರ್, ಡಿಸೆಂಬರ್, ಇವತ್ತು, ಮೂರೂ ಸಲ ಅವರು ಬರ್ಲಿ ಅಂದಿದ್ದಕ್ಕೇ ನಾನು ಹೋಗಿದ್ದು.”

ಇಗಾರಿ ಕಪಾಟು ತೆರೆದು ಎರಡು ಹಾಳೆ ತೆಗೆದ. ಒಂದರ ಪಕ್ಕ ಒಂದು ಜೋಡಿಸಿಟ್ಟ. “ಇದು ಯಾರ ಅಕ್ಷರ?”

“ನಂದೇ.”

“ಸೂಚನೆ ಪೂರ್ತಿ ಕೇಳೋಕೆ ಮೊದಲೇ ಗಾಡಿ ಬಿಟ್ಟೆ. ಸೂಚನೆ ಬರೋಕೆ ಮೊದಲೇ ಕಾಲು ಸಡಿಲಬಿಟ್ಟೆ. ಎಲ್ಲರ ಮುಂದೆ ಓದಿದೀರಿ. ಕಣ್ಣಿನ ತಪಾಸಣೆಯ ಕಾಗದ ನವೆಂಬರಿಂದು, ಎರಡೂ ಕಣ್ಣು ಸರಿ ಇವೆ ಅಂತ ಡಾಕ್ಟರ ಮುದ್ರೆ ಇದೆ. ಈಗ ನಾನು ಯಾವ ನೆಮೊತೊ-ಸಾನ್‌ನ ನಂಬ್ಲಿ, ಹೇಳಿ?”

ತಾನು ತೋಡಿದ ಹಳ್ಳಕ್ಕೆ ತಾನೇ ಬೀಳುವುದು ಅಂದರೆ ಇದೇ. ಅವಳು ಟೊಕು-ಸಾನ್ ಕಡೆ ನೋಡಿದಳು. ಹೇಳಿ, ನೀವಾದರೂ ಹೇಳಿ ಅನ್ನುವ ಹಾಗೆ ನೋಡಿದಳು. ಟೊಕು-ಸಾನ್ ಎದ್ದರು. ಕೈಗಳನ್ನು ಪ್ಯಾಂಟಿನ ಹೊಲಿಗೆಗೆ ಅಂಟಿಸಿ ನಿಂತರು.

“ನೆಮೊತೊ-ಸಾನ್ ದಣಿದಿದ್ದಾರೆ. ತಪ್ಪೆಲ್ಲ ನನ್ನದು. ನಾನು ಕಲಿಸಿದ್ದು ಸಾಲದಾಯ್ತು. ದಯವಿಟ್ಟು ಕ್ಷಮಿಸಿ.” ಸೊಂಟ ಮುರಿದವರ ಹಾಗೆ ಬಗ್ಗಿದರು, ಏಳಲೇ ಇಲ್ಲ.

ಅದರ ಮೇಲೆ ಮಾತುಂಟೇ? ಬಾಗಿಲ ಬಳಿ ಇಣುಕುತ್ತಿದ್ದ ಚಾಲಕರು ಸುಮಿಯೆಯನ್ನು ನೋಡಿದ ರೀತಿ ಹೇಗಿತ್ತೆಂದರೆ, ಅವಳು ದೇವರ ಮುಂದಿನ ಕಾಣಿಕೆ ಕದ್ದು ಸಿಕ್ಕಿಬಿದ್ದವಳೇನೋ ಅನ್ನುವ ಹಾಗೆ. ಅವಳಿಗೆ ಆ ಮುದುಕನ ಬಗ್ಗಿದ ಬೆನ್ನಿಗೆ ಗುದ್ದಬೇಕು ಅನ್ನುವಷ್ಟು ಸಿಟ್ಟು ಬಂತು. ತಪ್ಪೆಲ್ಲ ನನ್ನದು ಅನ್ನುತ್ತ ತನ್ನ ತಪ್ಪೊಂದನ್ನು ಬಿಟ್ಟು ಬೇರೆಲ್ಲ ಒಪ್ಪಿಕೊಳ್ಳುವ ಆ ವಿದ್ಯೆ ಎಲ್ಲಿಂದ ಕಲಿತರು? ಎಲ್ಲಿಂದ ಏನು, ತಾನೂ ಎರಡು ಹಾಳೆಯಲ್ಲಿ ಅದನ್ನೇ ಮಾಡಿದ್ದಳಲ್ಲ.

ಮರುದಿನ ಮಧ್ಯಾಹ್ನ ಮೂವರೂ ಯೊನೆ-ಸಾನ್ ಮನೆಗೆ ಕ್ಷಮೆ ಕೇಳಲು ಹೊರಟರು. ಇಗಾರಿ ಕೆಂಪು ಕಾಳಿನ ಹೂರಣದ ಸಿಹಿತಿಂಡಿಯ ದೊಡ್ಡ ಪೆಟ್ಟಿಗೆ ತಂದಿದ್ದ. ಟೊಕು-ಸಾನ್‌ರನ್ನು ಮುಂದೆ ಕಳಿಸಿ, ಗೇಟಿನ ಹೊರಗೆ ಸುಮಿಯೆಯನ್ನು ನಿಲ್ಲಿಸಿಕೊಂಡ.

“ನೋಡಿ ನೆಮೊತೊ-ಸಾನ್. ಆಯಮ್ಮ ಲಾರಿ ಬರೋ ಜಾಗಕ್ಕೆ ಬರಬಾರದಿತ್ತು ಅಂತ ಕಾರ್ಖಾನೆಯವರೇ ಒಪ್ಕೊಂಡಿದ್ದಾರೆ. ಹಾಗಾಗಿ ಇದನ್ನ ನಿಮ್ಮ ಲೆಕ್ಕಕ್ಕೆ ಸೇರಿಸದೇ ಇರಬಹುದು. ಪರೀಕ್ಷಾ ಅವಧಿ ಇನ್ನು ಮೂರು ತಿಂಗಳು, ಅಷ್ಟೆ. ಹದಿನೇಳನ್ನ ಬೇರೆಯವರಿಗೆ ಕೊಡಲ್ಲ. ಆದ್ರೆ ಕಣ್ಣಿನ ಮಾತು ಇವತ್ತಿಗೆ ಮುಗೀಬೇಕು. ಒಳಗೆ ನೀವು ತಲೆ ಬಗ್ಗಿಸಿ, ಮಾತು ನಾನು ಆಡ್ತೀನಿ.”

ಆಗ ಅವಳಿಗೆ ಅರ್ಥವಾಯಿತು. ಈ ಮನುಷ್ಯ ತನ್ನನ್ನು ನಂಬಿದ್ದಾನೆ. ನಿನ್ನೆಯೇ ನಂಬಿದ್ದಾನೆ. ಇಳಿಯಬೇಡಿ ಅಂದವನು ಅವನು, ಆ ಕಣ್ಣಿಗೆ ಹೊಸಬರನ್ನು ಒಪ್ಪಿಸಿದವನು ಅವನು. ನಂಬಿದ್ದಕ್ಕೇ ಈ ಮಾತು. ಥೂ ನಿನ್ನ, ಅಂದುಕೊಂಡಳು. ಅಂದುಕೊಂಡೂ “ಆಗ್ಲಿ” ಅಂದಳು. ಹದಿನೇಳು ಅಂದ ಕೂಡಲೇ ಅವಳ ಎದೆ ಹಗುರಾಗಿತ್ತು, ಅದನ್ನು ಬಚ್ಚಿಡುವುದೇನು.

ಯೊನೆ-ಸಾನ್ ಅಡಿಯಲ್ಲಿ ಕಾವು ಕೊಡುವ ತಗ್ಗು ಮೇಜಿನ ಹೊದಿಕೆಯೊಳಗೆ ಕಾಲು ಚಾಚಿ ಕೂತಿದ್ದಳು. ಬಲಗೈಗೆ ಬಿಳಿ ಕಟ್ಟು. ಮೂವರೂ ಚಾಪೆಯ ಮೇಲೆ ಹಣೆ ಊರಿದರು. ಇಗಾರಿ ಹೊಸ ಚಾಲಕಿಯ ಅನುಭವ ಸಾಲದು, ಕಂಪನಿಯ ಕಡೆಯಿಂದ ಕ್ಷಮೆ ಇರಲಿ ಅಂತ ಶುರುಮಾಡಿದ.

“ಏಳಿ ಏಳಿ, ಇಷ್ಟಕ್ಕೆಲ್ಲ ಯಾಕೆ” ಅಂದಳು ಮುದುಕಿ. “ಇನ್ನೂ ಬದುಕಿದೀನಲ್ಲ. ಈ ಮಗಳನ್ನ ಕೆಲಸದಿಂದ ತೆಗೀಬೇಡ್ರಪ್ಪ. ಹೆಂಗಸು ಅಷ್ಟು ದೊಡ್ಡ ಗಾಡಿ ಓಡಿಸೋದು ನೋಡಿದ್ರೆ ನನಗೆ ಖುಷಿ ಆಗ್ತಿತ್ತು. ತಪ್ಪು ನಂದೂ ಇದೆ. ಲಾರಿ ಬರ್ತಿತ್ತು, ಗೊತ್ತಿತ್ತು. ಆದ್ರೆ ಈ ಯಜಮಾನ್ರು ನನ್ನ ಕಡೆ ಮುಖ ತಿರುಗಿಸಿ ನೋಡಿದ್ರು. ನೋಡಿದ್ರಲ್ಲ, ಇನ್ನೇನು ಭಯ, ನಿಲ್ಲಿಸ್ತಾರೆ ಅಂತ ಧೈರ್ಯವಾಗಿ ಬಗ್ಗಿದೆ.”

ಟೊಕು-ಸಾನ್ ಹಣೆ ಚಾಪೆಯಿಂದ ಮೇಲೇಳಲಿಲ್ಲ. ಇಗಾರಿ “ನಮ್ಮ ಹೊಸ ಚಾಲಕಿ ಸೂಚನೆಗೆ ಕಾಯದೆ...” ಅಂತ ಮತ್ತೆ ರಾಗ ಎಳೆದ.

ಸುಮಿಯೆ ಬಾಯಿ ಮುಚ್ಚಿಕೊಂಡಿದ್ದರೆ ಸಂಜೆಗೆ ಅವಳ ಸೀಟು ಅವಳಿಗಿತ್ತು. ಮುಚ್ಚಿಕೊಳ್ಳಲು ನೋಡಿದಳು ಕೂಡ. ಆದರೆ ಆ ಮುದುಕಿ ತನ್ನನ್ನು ಮಗಳು ಅಂದಿದ್ದಳು.

“ಅವರು ನಿಮ್ಮನ್ನ ನೋಡ್ಲಿಲ್ಲ ಯೊನೆ-ಸಾನ್” ಅಂದಳು. “ಅವರಿಗೆ ಕಾಣಲ್ಲ. ಎರಡು ವರ್ಷದಿಂದ ಕಾಣಲ್ಲ. ಸೂಚನೆಗೆ ನಾನು ಕಾದೆ. ಅವರು ಬರ್ಲಿ ಅಂದ್ರು, ಬಂದೆ.”

ಹೇಳಿದಳು. ಆರು ತಿಂಗಳಲ್ಲಿ ಮೊದಲ ಬಾರಿಗೆ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಸೀಟು ಹೋಯಿತು, ಹೋಗಲಿ, ಒಬ್ಬಳಾದರೂ ನಂಬಿದಳಲ್ಲ. ಮುದುಕಿ ನಂಬಿದ್ದಳು. ಅದು ಅವಳ ಮುಖದಲ್ಲೇ ಕಾಣುತ್ತಿತ್ತು. ಟೊಕು-ಸಾನ್‌ನ ನೆತ್ತಿಯನ್ನು ಅವಳು ಬಹಳ ಹೊತ್ತು ನೋಡಿದಳು. “ಪಾಪ, ಕಣ್ಣಿಲ್ವಾ” ಅಂದಳು. ಆಮೇಲೆ ಸುಮಿಯೆಯ ಕಡೆ ತಿರುಗಿದಳು.

“ನಿನಗೆ ಯಾವಾಗ ಗೊತ್ತಾಯ್ತು?”

“ಡಿಸೆಂಬರಲ್ಲಿ.”

“ಎರಡು ತಿಂಗಳ ಮುಂಚೆ.”

“ಹೌದು.”

“ಗೊತ್ತಿದ್ದೂ ಇಷ್ಟು ದಿನ ಅವರನ್ನ ಹಿಂದೆ ನಿಲ್ಲಿಸಿಕೊಂಡೆ. ಗೊತ್ತಿದ್ದೂ ಗಾಡಿ ಬಿಟ್ಟೆ. ಯಾಕೆ?”

ಆ ಮುದುಕಿಗೆ ಹಾಳೆಯ ವಿಷಯ ಏನೂ ಗೊತ್ತಿರಲಿಲ್ಲ. ಸುಮ್ಮನೆ ಕೇಳಿದಳು, ಬೀದಿಯಲ್ಲಿ ಯಾರನ್ನೋ ಕೇಳುವ ಹಾಗೆ. ಸುಮಿಯೆಗೆ ಉತ್ತರ ಗೊತ್ತಿತ್ತು. ಅಷ್ಟು ಸುಳ್ಳು ಉತ್ತರಗಳನ್ನು ಅಷ್ಟು ಚೆಂದವಾಗಿ ಬರೆದವಳಿಗೆ ಈ ನಿಜವಾದ ಉತ್ತರ ಹೇಳಲು ಬಾಯಿ ಬರಲಿಲ್ಲ.

“ಆ ಲಾರಿ ನನಗೆ ಬೇಕಿತ್ತು” ಅಂದಳು ಕೊನೆಗೆ.

ಯೊನೆ-ಸಾನ್ ತಲೆಯಾಡಿಸಿದಳು. ಸಿಟ್ಟು ಮಾಡಲಿಲ್ಲ. ಸಿಹಿಯ ಪೆಟ್ಟಿಗೆಯ ಮೇಲೆ ಎಡಗೈ ಇಟ್ಟು, ಮೇಜಿನ ಮೇಲೆ ಉಜ್ಜುತ್ತ ಅದನ್ನು ಸುಮಿಯೆಯ ಮುಂದಕ್ಕೆ ತಳ್ಳಿದಳು.

“ಅವರಿಗೆ ನಾನು ಕಾಣ್ಲಿಲ್ಲ. ಅದಕ್ಕೆ ನಾನೇನು ಹೇಳ್ಲಿ, ಕ್ಷಮಿಸ್ತೀನಿ. ನಿನಗೆ ಎಲ್ಲ ಕಾಣಿಸ್ತಿತ್ತು. ಇದು ತಗೊಂಡು ಹೋಗಮ್ಮ.”

ಟೊಕು-ಸಾನ್ ಚಾಪೆಯ ಮೇಲೇ ಅಳಲು ಶುರುಮಾಡಿದರು. ಮುದುಕಿ ಕಟ್ಟಿಲ್ಲದ ಕೈಯಿಂದ ಅವರ ಬೆನ್ನು ಸವರಿದಳು. ಇಗಾರಿ ಗಡಿಯಾರ ನೋಡಿಕೊಂಡ. ಸುಮಿಯೆ ಪೆಟ್ಟಿಗೆ ಎತ್ತಿಕೊಂಡು ಎದ್ದಳು. ಕಾಲು ಜೋಮು ಹಿಡಿದಿತ್ತು, ಹೊಸ್ತಿಲ ತನಕ ಗೋಡೆ ಹಿಡಿದು ನಡೆದಳು. ಹೊರಗೆ ಬಂದು ಪೆಟ್ಟಿಗೆಯನ್ನು ಪಕ್ಕಕ್ಕಿಟ್ಟು ಬೂಟಿನ ಲೇಸು ಕಟ್ಟಿಕೊಂಡಳು. ಒಳಗಿನಿಂದ ಮುದುಕಿ ಟೊಕು-ಸಾನ್‌ಗೆ ಚಹಾ ಕುಡಿದೇ ಹೋಗಬೇಕು ಅಂತ ಒತ್ತಾಯ ಮಾಡುತ್ತಿದ್ದದ್ದು ಕೇಳಿಸುತ್ತಿತ್ತು.